ಹನ್ನೊಂದು ಗಂಟೆಗೆ ಕೆನ್ನೆಗಿಳಿಯುವ ಕಾಜಲ್: ಪೆನ್ಸಿಲ್, ಜೆಲ್, ಲಿಕ್ವಿಡ್‌ಗಳಲ್ಲಿ ನನಗೆ ಯಾವುದು?

ಕಡಲತಡಿ, ಕುಂದಾಪುರ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಬ್ಯಾಂಕೊಂದರಲ್ಲಿ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವಳು. ಕಚೇರಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಮೈನಸ್ ಐದರ ಕನ್ನಡಕ. ಕಾಲೇಜಿನ ಕಾಲದಿಂದಲೂ ನನ್ನ ಅಲಂಕಾರವೆಂದರೆ ತಿರುಗಿಸಿದರೆ ಮೇಲೆ ಬರುವ ಕಾಜಲ್ ಕಡ್ಡಿ ಒಂದೇ. ಮನೆ ಬಿಡುವಾಗ ಚೆನ್ನಾಗಿಯೇ ಇರುತ್ತದೆ. ಹನ್ನೊಂದರ ಹೊತ್ತಿಗೆ ಕೆಳರೆಪ್ಪೆ ದಾಟಿ ಕೆನ್ನೆಗೆ ಬಂದಿರುತ್ತದೆ. ಮಳೆಗಾಲದಲ್ಲಿ ಹೇಗೋ ನಡೆಯುತ್ತದೆ, ಏಪ್ರಿಲ್ ಬಂತೆಂದರೆ ಬೆವರಿಗೆ ಎಲ್ಲ ಮುಗಿಯಿತು. ಮೊನ್ನೆ ಬಳೆ ಅಡವಿಡಲು ಬಂದಿದ್ದ ಹಿರಿಯರೊಬ್ಬರು ನನ್ನ ಮುಖವನ್ನೇ ನೋಡಿ, "ನೀನೇಕೆ ಅಳುತ್ತೀಯಾ ಮಗಳೇ, ಬಳೆ ಹೋಗುತ್ತಿರುವುದು ನನ್ನದಲ್ಲವೇ?" ಎಂದರು. ಪಕ್ಕದ ಕೌಂಟರಿನವರು ಇನ್ನೂ ನಗುತ್ತಿದ್ದಾರೆ.

ಅಂಗಡಿಗೆ ಹೋದರೆ ಅಲ್ಲಿನ ಹುಡುಗಿ ನಾಲ್ಕು ಬಗೆಯ ಐಲೈನರ್ ತೆಗೆದಿಟ್ಟಳು: ಪೆನ್ಸಿಲ್, ಸಣ್ಣ ಡಬ್ಬಿಯ ಜೆಲ್, ಅದ್ದಿ ಬರೆಯುವ ಲಿಕ್ವಿಡ್, ಸ್ಕೆಚ್ ಪೆನ್ನಿನಂಥ ಇನ್ನೊಂದು. ಎಲ್ಲದರ ಮೇಲೂ "ಇಪ್ಪತ್ನಾಲ್ಕು ಗಂಟೆ" ಎಂದು ಬರೆದಿದೆ. ಇಪ್ಪತ್ನಾಲ್ಕು ಗಂಟೆ ಯಾರು ಹಚ್ಚಿಕೊಂಡಿರುತ್ತಾರೆ? ನನಗೆ ಸಂಜೆ ಐದರವರೆಗೆ ನಿಂತರೆ ಸಾಕು. ರೆಪ್ಪೆ ಎಣ್ಣೆ ಎಣ್ಣೆ, ಕೈ ಸ್ವಲ್ಪ ನಡುಗುತ್ತದೆ, ಬೆಳಿಗ್ಗೆ ಕನ್ನಡಿಯ ಮುಂದೆ ನಿಲ್ಲಲು ಪುರುಸೊತ್ತಿಲ್ಲ. ಮದುವೆ ಮುಂಜಿಗಳಿಗೆ ಮಾತ್ರ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಕೊಳ್ಳುವುದು ಒಂದೇ ಒಂದು, ಐನೂರು ರೂಪಾಯಿಯ ಒಳಗೆ. ಯಾವುದನ್ನು ಕೊಳ್ಳಲಿ? ಕಂಪನಿಯ ಹೆಸರು ಬೇಡ, ಯಾವ ಬಗೆ, ಏಕೆ ಎಂಬುದನ್ನು ಹೇಳಿ.

ಬಣ್ಣದ ಪೆಟ್ಟಿಗೆ, ಮೈಸೂರು

ನಾನು ಭರತನಾಟ್ಯದ ಮಕ್ಕಳಿಗೆ ಬಣ್ಣ ಹಚ್ಚುವವಳು. ರಂಗಪ್ರವೇಶದ ದಿನ ಮೂರು ಗಂಟೆ ಕುಣಿದು ಬೆವರುವ ಮುಖದ ಮೇಲೆ ಗೆರೆ ನಿಲ್ಲಿಸುವುದು ನನ್ನ ಕೆಲಸ. ಹಾಗಾಗಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ.

ನೀವು ಬೆವರನ್ನು ದೂರುತ್ತಿದ್ದೀರಿ. ನಿಮ್ಮ ಕಾಜಲ್ ಇಳಿಸುತ್ತಿರುವುದು ರೆಪ್ಪೆಯ ಎಣ್ಣೆ. ಕಾಜಲ್ ಕಡ್ಡಿ ಎಂದರೆ ಮೇಣ, ಎಣ್ಣೆ ಮತ್ತು ಕಪ್ಪು ಪುಡಿ. ಎಳೆದಾಗ ಮೆತ್ತಗೆ ಬರಲಿ ಎಂದೇ ಎಣ್ಣೆ ಹೆಚ್ಚು ಹಾಕಿರುತ್ತಾರೆ. ಅದು ಚರ್ಮದ ಮೇಲೆ ಒಣಗುವುದೇ ಇಲ್ಲ, ಮೈಶಾಖಕ್ಕೆ ಇನ್ನಷ್ಟು ಮೆತ್ತಗಾಗುತ್ತದೆ, ನಿಮ್ಮ ಚರ್ಮದ ಎಣ್ಣೆ ಸೇರಿದರೆ ಜಾರುತ್ತದೆ. ಪೊಟ್ಟಣದ ಮೇಲೆ "ವಾಟರ್‌ಪ್ರೂಫ್" ಎಂದಿರುವುದು ಸುಳ್ಳಲ್ಲ, ನೀರಿಗೆ ಅದು ಹೆದರುವುದಿಲ್ಲ. ಎಣ್ಣೆಯ ವಿಷಯದಲ್ಲಿ ಆ ಮಾತು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಹಚ್ಚಿದ ಮೇಲೆ ಗಟ್ಟಿಯಾಗುತ್ತದೆಯೇ ಎಂಬುದನ್ನು ನೋಡಿ ಕೊಳ್ಳಿ. ಅಂಗಡಿಯಲ್ಲೇ ಮುಂಗೈ ಮೇಲೆ ಗೆರೆ ಎಳೆದು, ಒಂದೆರಡು ನಿಮಿಷ ಬೇರೆ ಸಾಮಾನು ನೋಡಿ, ಆಮೇಲೆ ಬೆರಳಿನಿಂದ ಉಜ್ಜಿ. ಅದಕ್ಕೂ ಅಲುಗದಿದ್ದರೆ, ಸ್ವಲ್ಪ ಎಣ್ಣೆ ಸವರಿದ ಬೆರಳಿನಿಂದ ಇನ್ನೊಮ್ಮೆ. ಅಂಗಡಿಯ ಹುಡುಗಿ ಮುಖ ಗಂಟು ಹಾಕಿದರೆ ಹಾಕಲಿ. ಪರೀಕ್ಷೆ ಕೈಯ ಮೇಲೆ ಮಾತ್ರ. ಎಲ್ಲರೂ ಮುಟ್ಟುವ ಆ ಕಡ್ಡಿಯನ್ನು ಕಣ್ಣಿಗೆ ತಾಗಿಸಬೇಡಿ.

ಲಿಕ್ವಿಡ್ ಒಣಗಿದಾಗ ತೆಳ್ಳನೆಯ ಪದರವಾಗುತ್ತದೆ. ಕಡುಕಪ್ಪು, ಚೂಪು ಗೆರೆ, ನೋಡಲು ಇದಕ್ಕೆ ಸಮನಾದದ್ದಿಲ್ಲ. ಆದರೆ ತಪ್ಪಿದರೆ ತಿದ್ದಲು ಬಿಡುವುದಿಲ್ಲ, ನಡುಗುವ ಕೈಗೆ ಅದು ಶಿಕ್ಷೆ. ಒಣಗುವ ಮೊದಲು ಕಣ್ಣು ಬಿಟ್ಟರೆ ಮೇಲ್ರೆಪ್ಪೆಯ ಮಡಿಕೆಯಲ್ಲಿ ಇನ್ನೊಂದು ಗೆರೆ ಮೂಡುತ್ತದೆ. ಪೆನ್ನಿನಂಥದ್ದು ಹಿಡಿಯಲು ಸುಲಭ, ಆದರೆ ಒಳಗಿನ ದ್ರವ ತೆಳು, ಎಣ್ಣೆ ರೆಪ್ಪೆಯ ಮೇಲೆ ತುದಿ ಬೇಗ ಕಟ್ಟಿಕೊಳ್ಳುತ್ತದೆ, ಮಧ್ಯಾಹ್ನಕ್ಕೆ ಬಣ್ಣ ಬೂದು. ಅದನ್ನು ನಿಲ್ಲಿಸಿಡುವುದಾದರೆ ತುದಿ ಕೆಳಗಾಗಿರಲಿ. ಡಬ್ಬಿಯ ಜೆಲ್ ಗಟ್ಟಿಯಾಗಿ ನಿಲ್ಲುತ್ತದೆ, ನನ್ನ ಪೆಟ್ಟಿಗೆಯಲ್ಲಿ ಎಂದಿಗೂ ಇರುತ್ತದೆ. ಆದರೆ ಓರೆ ಬ್ರಷ್ ಬೇಕು, ಬ್ರಷ್ ತೊಳೆಯಬೇಕು, ಮುಚ್ಚಳ ಸಡಿಲವಿದ್ದರೆ ಕೆಲವೇ ತಿಂಗಳಲ್ಲಿ ಜೆಲ್ ಬಿರುಕು ಬಿಡುತ್ತದೆ. ಪುರುಸೊತ್ತಿಲ್ಲದವರಿಗೆ ಬೇಡ.

ನಿಮಗೆ ನಾನು ಹೇಳುವುದು ಜೆಲ್ ಪೆನ್ಸಿಲ್. ನೋಡಲು ಕಾಜಲ್ ಕಡ್ಡಿಯೇ, ಒಳಗೆ ಆರಿಹೋಗುವ ದ್ರಾವಕವಿರುತ್ತದೆ. ಹಚ್ಚಿದ ಅರ್ಧ ನಿಮಿಷ ಬೆರಳಿನಿಂದ ತಿದ್ದಬಹುದು, ಆಮೇಲೆ ಕಲ್ಲು. ಐನೂರರೊಳಗೆ ಬೇಕಾದಷ್ಟು ಸಿಗುತ್ತವೆ. ಮೊದಲು ರೆಪ್ಪೆಯನ್ನು ಟಿಶ್ಯೂನಿಂದ ಒತ್ತಿ ಎಣ್ಣೆ ತೆಗೆಯಿರಿ, ಚಿಟಿಕೆ ಪೌಡರ್ ಸವರಿ. ಮೊಣಕೈಯನ್ನು ಮೇಜಿಗೆ ಊರಿ, ರೆಪ್ಪೆಗೂದಲಿನ ಬುಡದಲ್ಲಿ ಚುಕ್ಕಿ ಇಟ್ಟು ಚುಕ್ಕಿಗಳನ್ನು ಕೂಡಿಸಿ. ರಂಗೋಲಿ ಹಾಕಿದವರಿಗೆ ಇದನ್ನು ಕಲಿಸಬೇಕಿಲ್ಲ. ಕಣ್ಣಿನ ಹೊರ ಮೂಲೆಯಲ್ಲಿ ಬಾಲ ಎಳೆಯಬೇಡಿ, ಹೆಲ್ಮೆಟ್ಟಿನ ಬೆವರು ಹುಬ್ಬಿನ ತುದಿಯಿಂದ ಇಳಿದು ಮೊದಲು ಮುಟ್ಟುವುದೇ ಆ ಜಾಗವನ್ನು.

ಇನ್ನೊಂದು ಮಾತು. ಮೈನಸ್ ಕನ್ನಡಕ ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ. ಅಂಥ ಕಣ್ಣಿಗೆ ಮೇಲೂ ಕೆಳಗೂ ಕಪ್ಪು ಬಳಿದರೆ ಇನ್ನಷ್ಟು ಚಿಕ್ಕದಾಗುತ್ತದೆ. ಮೇಲಿನ ರೆಪ್ಪೆಗೆ ಮಾತ್ರ ಹಚ್ಚಿ, ಕೆಳಗಿನದನ್ನು ಬಿಟ್ಟುಬಿಡಿ. ಕಾಫಿಪುಡಿಯ ಬಣ್ಣ ತೆಗೆದುಕೊಂಡರೆ ಸ್ವಲ್ಪ ಹರಡಿದರೂ ಕಾಣುವುದಿಲ್ಲ. ಕೇಕ್ ಲೈನರ್ ಎಂದು ಯಾರಾದರೂ ಹೇಳಿಯಾರು, ಒದ್ದೆ ಬ್ರಷ್ಷಿನಿಂದ ಹಚ್ಚುವ ಬಿಲ್ಲೆ. ನೃತ್ಯದವರಿಗೆ ಅದು ಪ್ರಾಣ: ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಣ್ಣಿನ ಅಭಿನಯ ಕಾಣಬೇಕಲ್ಲ, ಅಷ್ಟು ದಪ್ಪ ಗೆರೆ ಅದರಿಂದ ಸಲೀಸು. ಚಿನ್ನ ತೂಗುವವರಿಗೆ ಅದು ಬೇಡ.

ಹರಳೆಣ್ಣೆ, ಸಾಗರ

ಕಡಲತಡಿಯವರೇ, ಇಷ್ಟೆಲ್ಲ ರಾಸಾಯನಿಕ ಏಕಮ್ಮ? ನಮ್ಮ ಅತ್ತೆಯವರು ಕಾಡಿಗೆ ಮನೆಯಲ್ಲೇ ಮಾಡುತ್ತಿದ್ದರು. ಬಿಳಿ ಹತ್ತಿ ಬಟ್ಟೆಯನ್ನು ಹೊನಗೊನ್ನೆ ಸೊಪ್ಪಿನ ರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ಬತ್ತಿ ಹೊಸೆಯುವುದು. ಹರಳೆಣ್ಣೆಯ ದೀಪ ಹಚ್ಚಿ ಮೇಲೆ ತಾಮ್ರದ ತಟ್ಟೆ ಬೋರಲು ಹಾಕುವುದು. ಬೆಳಗಾಗುವಷ್ಟರಲ್ಲಿ ಮಸಿ ಕಟ್ಟಿರುತ್ತದೆ. ಅದನ್ನು ಕೆರೆದು ತುಪ್ಪದಲ್ಲಿ ಕಲಸಿ ಬೆಳ್ಳಿಯ ಭರಣಿಗೆ ತುಂಬಿದರೆ ವರ್ಷವೆಲ್ಲ ಬರುತ್ತದೆ. ನಾನು ಈಗಲೂ ಅದನ್ನೇ ಹಚ್ಚುವುದು. ಹರಡುತ್ತದೆ, ಒಪ್ಪುತ್ತೇನೆ. ಹರಡಿದರೆ ಸೆರಗಿನ ತುದಿಯಿಂದ ಒರೆಸಿಕೊಂಡರಾಯಿತು, ನಮಗೇನು ಕೌಂಟರ್ ಇದೆಯೇ?

ದೃಷ್ಟಿ ಪರೀಕ್ಷಕಿ, ಹುಬ್ಬಳ್ಳಿ

ಹರಳೆಣ್ಣೆ ಅಮ್ಮ, ನಿಮ್ಮ ಭರಣಿಗೆ ನಾನು ಕೈ ಹಾಕುವುದಿಲ್ಲ. ನೀವು ಹೇಳಿದ ಮಸಿಯಲ್ಲಿ ಸೀಸ ಸೇರಿಸಿಲ್ಲ. ಆದರೆ ವರ್ಷವಿಡೀ ಬೆರಳು ಅದ್ದುವ ಭರಣಿಗೆ ಬೆರಳಿನ ಕೊಳೆಯೂ ಇಳಿಯುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ. ಹಸುಗೂಸಿನ ಕಣ್ಣಿಗಂತೂ ಬೇಡ, ದೃಷ್ಟಿಬೊಟ್ಟು ಅಂಗಾಲಿಗಿಟ್ಟರೂ ಆದೀತು. ನನ್ನ ಭಯವಿರುವುದು ಸಂತೆಯಲ್ಲಿ ಹೆಸರಿಲ್ಲದ ಡಬ್ಬಿಗಳಲ್ಲಿ ಸಿಗುವ ಸುರ್ಮಾದ ಬಗ್ಗೆ. ಅದನ್ನು ಗೆಲೀನಾ ಎಂಬ ಕಲ್ಲನ್ನು, ಎಂದರೆ ಸೀಸದ ಸಲ್ಫೈಡನ್ನು, ಅರೆದು ಮಾಡುವ ರೂಢಿಯಿದೆ. ಬಣ್ಣಕ್ಕಾಗಿ ಸೀಸದ ಸಂಯುಕ್ತ ಬಳಸುವುದನ್ನು ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳು ನಿಷೇಧಿಸಿವೆ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ಕೊನೆಯ ದಿನಾಂಕ ಇಲ್ಲದ ಯಾವುದನ್ನೂ ಕಣ್ಣಿನ ಹತ್ತಿರ ತರಬೇಡಿ.

ಕಡಲತಡಿಯವರಿಗೆ: ಬಣ್ಣದ ಪೆಟ್ಟಿಗೆಯವರು ಅಂದಕ್ಕಾಗಿ ಕೆಳರೆಪ್ಪೆ ಬಿಡಿ ಎಂದರು, ನಾನು ಕಣ್ಣಿಗಾಗಿ ಅದನ್ನೇ ಹೇಳುತ್ತೇನೆ. ರೆಪ್ಪೆಯ ಅಂಚಿನಲ್ಲಿ, ಕೂದಲಿನ ಹಿಂದೆ, ಎಣ್ಣೆ ಸುರಿಸುವ ಗ್ರಂಥಿಗಳ ಬಾಯಿಗಳಿವೆ. ಮೇಲೆ ಸುಮಾರು 25ರಿಂದ 40, ಕೆಳಗೆ 20ರಿಂದ 30. ಕಣ್ಣೀರು ಬೇಗ ಆರದಂತೆ ಕಾಯುವುದು ಆ ಎಣ್ಣೆ. ಒಳ ಅಂಚಿಗೆ ಕಾಜಲ್ ತೀಡಿದರೆ ಆ ಬಾಯಿಗಳ ಮೇಲೆಯೇ ಮೇಣ ಬಳಿದಂತಾಗುತ್ತದೆ. ಸಂಜೆ ಕಣ್ಣು ಉರಿಯುತ್ತದೆ, ಮರಳು ಬಿದ್ದಂತಿದೆ ಎಂದು ಬರುವವರಲ್ಲಿ ಇಂಥವರನ್ನು ನಾನು ಆಗಾಗ ನೋಡುತ್ತೇನೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಳಬದಿಗೆ ಹಚ್ಚಿದಾಗ ಐದೇ ನಿಮಿಷದಲ್ಲಿ ಹೊರಬದಿಗಿಂತ ಶೇಕಡಾ 15ರಿಂದ 30ರಷ್ಟು ಹೆಚ್ಚು ಕಣಗಳು ಕಣ್ಣೀರಿನ ಪದರಕ್ಕೆ ಬಂದಿದ್ದವು. ಹೊರಗೆ ಹಚ್ಚಿದರೂ ಸ್ವಲ್ಪ ಬರುತ್ತದೆ, ನಿಧಾನವಾಗಿ.

ಲೆನ್ಸ್ ಹಾಕುವ ದಿನ ಮೊದಲು ಕೈ ತೊಳೆದು ಲೆನ್ಸ್, ಆಮೇಲೆ ಲೈನರ್. ರಾತ್ರಿ ಮೊದಲು ಲೆನ್ಸ್ ತೆಗೆದು ಆಮೇಲೆ ಲೈನರ್ ಅಳಿಸಿ. ಲಿಕ್ವಿಡ್ ಲೈನರನ್ನು ತೆರೆದು ಮೂರು ತಿಂಗಳಾದರೆ ಎಸೆಯಿರಿ. ಕೆತ್ತುವ ಪೆನ್ಸಿಲ್ ಹೆಚ್ಚು ಕಾಲ ಬರುತ್ತದೆ, ಕೆತ್ತಿದಾಗಲೆಲ್ಲ ಹೊಸ ತುದಿ ಸಿಗುತ್ತದಲ್ಲ. ಕಣ್ಣುಕುರು ಎದ್ದಿದ್ದರೆ ಆಗ ಬಳಸಿದ ಕಡ್ಡಿ ನೇರ ಕಸಕ್ಕೆ. ಅಕ್ಕತಂಗಿಯರ ನಡುವೆಯೂ ಹಂಚಿಕೊಳ್ಳಬೇಡಿ.

ಕಡಲತಡಿ, ಕುಂದಾಪುರ

ಎಲ್ಲರಿಗೂ ವಂದನೆಗಳು. ಅಂಗಡಿಗೆ ಹೋಗಿ ಕೈಯ ಮೇಲೆ ಸಾಲಾಗಿ ಗೆರೆ ಎಳೆದು, ಚೀಲದಲ್ಲಿದ್ದ ತೆಂಗಿನೆಣ್ಣೆಯ ಬಾಟಲಿ ತೆಗೆದೆ. ಹುಡುಗಿ ಮುಖ ಗಂಟು ಹಾಕಲಿಲ್ಲ, ಕುತೂಹಲದಿಂದ ಬಗ್ಗಿ ನೋಡಿದಳು. ನನ್ನ ಹಳೆಯ ಕಾಜಲ್ ಒಂದೇ ಸವರಿಗೆ ಹೋಯಿತು. ಪೆನ್ನಿನದು ನಸುಬೂದಾಯಿತು. ಜೆಲ್ ಪೆನ್ಸಿಲ್‌ಗಳಲ್ಲಿ ಎರಡು ಹೆಚ್ಚು ಹೊತ್ತು ತಡೆದವು, ಅದರಲ್ಲಿ ಅಗ್ಗದ್ದನ್ನು ಕೊಂಡೆ, ಕಂದು ಬಣ್ಣದ್ದು. ಹರಳೆಣ್ಣೆಯವರೇ, ಹೊನಗೊನ್ನೆ ನಮ್ಮ ಹಿತ್ತಲಲ್ಲೂ ಇದೆ, ಸದ್ಯಕ್ಕೆ ಸಾರಿಗೆ ಮಾತ್ರ ಹೋಗುತ್ತಿದೆ.

ಈಗ ಹೊಸ ತಲೆನೋವು: ಇದು ರಾತ್ರಿ ಸೋಪಿಗೆ ಜಗ್ಗುವುದಿಲ್ಲ. ಉಜ್ಜಿ ಉಜ್ಜಿ ರೆಪ್ಪೆ ಕೆಂಪಾಗಿದೆ.

ಬಣ್ಣದ ಪೆಟ್ಟಿಗೆ, ಮೈಸೂರು

ಉಜ್ಜಬಾರದು! ಅದೇ ತೆಂಗಿನೆಣ್ಣೆಯನ್ನು ಹತ್ತಿಗೆ ಎರಡು ಹನಿ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಇಪ್ಪತ್ತು ಎಣಿಸುವವರೆಗೆ ಇಟ್ಟು, ಕೆಳಮುಖವಾಗಿ ಒಮ್ಮೆ ಎಳೆಯಿರಿ. ಆಮೇಲೆ ಫೇಸ್‌ವಾಶ್‌ನಿಂದ ರೆಪ್ಪೆಯನ್ನು ತೊಳೆಯಲು ಮರೆಯಬೇಡಿ, ಎಣ್ಣೆ ಉಳಿದರೆ ನಾಳೆಯ ಗೆರೆ ಮತ್ತೆ ಹನ್ನೊಂದು ಗಂಟೆಗೆ ಕೆನ್ನೆಗೆ. ಲೆನ್ಸ್ ಹಾಕಿದ ದಿನ ಲೆನ್ಸ್ ತೆಗೆದ ಮೇಲೆಯೇ ಎಣ್ಣೆ ಮುಟ್ಟಿ.