ಮನೆಗೆ ಬೀಗರು ಬಂದರೆ ಕೂಸು ರಚ್ಚೆ ಹಿಡಿಯುತ್ತದೆ, ಏನು ಮಾಡಲಿ?

ಗಂಗಾವತಿಯಿಂದ:
ಮಗನಿಗೆ ಈಗ ಐದು ತಿಂಗಳು. ನಾವಿಬ್ಬರೇ ಇದ್ದಾಗ ಚೆನ್ನಾಗಿ ಆಡುತ್ತಾನೆ. ಬೀಗರು ಬಂದು ಕೂತರೆ ನನಗೆ ಎದೆ ಬಿಗಿಯುತ್ತದೆ, ಅವನದು ಅಳು ಶುರು. "ನಿನ್ನ ಗಾಬರಿನೇ ಕೂಸಿಗೆ ಹತ್ತಿದೆ" ಅಂತಾರೆ ಅತ್ತೆ. ನಿಜಾನಾ? ಅನುಭವ ಇದ್ದವರು ಹೇಳಿ.

ರಾಯಚೂರಿನಿಂದ:
ಅತ್ತೆ ಹೇಳಿದ್ದು ಅರ್ಧ ನಿಜ ತಂಗಿ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದೆ. ವರ್ಷದ ಆಸುಪಾಸಿನ ಮಕ್ಕಳನ್ನು ಬೇರೆ ಕಡೆ ಇರಿಸಿ, ತಾಯಂದಿರಿಂದ ಭಾಷಣ ಮಾಡಿಸಿದರು. ಕೆಲವು ತಾಯಂದಿರ ಎದುರಿಗೆ ಕೂತವರು ಬೇಕಂತಲೇ ಮುಖ ಗಂಟಿಕ್ಕಿದರು. ಮಕ್ಕಳು ಅದನ್ನು ಕಂಡೇ ಇರಲಿಲ್ಲ. ಆದರೂ ತಾಯಿ ಹತ್ತಿರ ಬಂದ ಕೆಲವೇ ನಿಮಿಷದಲ್ಲಿ ಅವರ ಹೃದಯವೂ ಅದೇ ಒತ್ತಡ ತೋರಿಸಿತು. ಅಪರಿಚಿತರಿಂದ ಜಾಸ್ತಿ ದೂರ ಸರಿದದ್ದೂ ಇದೇ ಮಕ್ಕಳು. ಮನೆಗೆ ಬಂದವರು "ಹಾಲು ಸಾಲುತ್ತಾ? ಯಾಕೆ ಸಣಕಲಾಗಿದೆ?" ಅಂತ ಶುರು ಮಾಡಿದರೆ ನಾವೂ ಪರೀಕ್ಷೆಗೆ ಕೂತ ಹಾಗೇ ಅಲ್ವಾ? ತಪ್ಪು ನಿಮ್ಮದೊಬ್ಬರದೇ ಹೇಗಾಗುತ್ತದೆ!

ಬಳ್ಳಾರಿಯಿಂದ:
ಹಾಗಂತ ದಿನವಿಡೀ ನಗುಮುಖ ಹೊತ್ತು ಕೂರಬೇಕಿಲ್ಲ. ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲೇ ಒಂದು ಪ್ರಯೋಗ ಮಾಡಿದ್ದರು. ಆಡಿಸುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖ ಕಲ್ಲು ಮಾಡಿಕೊಳ್ಳಬೇಕು, ಅಷ್ಟೇ. ಕೂಸು ನಗುತ್ತದೆ, ಕೈ ಚಾಚುತ್ತದೆ, ಆಗದಿದ್ದರೆ ಮುಖ ತಿರುಗಿಸುತ್ತದೆ. ತಾಯಿ ಮತ್ತೆ ಮಾತಾಡಿಸಿದರೆ ನಿಧಾನಕ್ಕೆ ದಾರಿಗೆ ಬರುತ್ತದೆ. ಹೊಂದಿಕೊಂಡಿರುವ ತಾಯಿ-ಮಕ್ಕಳಿಗೂ ತಾಳ ಕೂಡುವುದು ಆಟದ ಹೊತ್ತಿನ ಸುಮಾರು 30 ಭಾಗ ಮಾತ್ರ, ನೂರಕ್ಕೆ. ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡುವುದು.
ಇನ್ನೊಂದು. ಮುಖ ತಿರುಗಿಸುವುದು ಕೂಸು ತಾನೇ ಸುಧಾರಿಸಿಕೊಳ್ಳುವ ದಾರಿ. ಆಗಲೇ "ಇಲ್ಲಿ ನೋಡು, ಇಲ್ಲಿ ನೋಡು" ಅಂತ ಚಪ್ಪಾಳೆ ತಟ್ಟುವ ಚಿಕ್ಕಮ್ಮಂದಿರನ್ನು ದಯವಿಟ್ಟು ತಡೆಯಿರಿ.

ಸಿಂಧನೂರಿನಿಂದ:
ಕೂತು ತೂಗಬೇಡಿ, ಎತ್ತಿಕೊಂಡು ಅಡ್ಡಾಡಿ. ಹಾಗೆ ಅಡ್ಡಾಡುವಾಗ ಕೂಸಿನ ಎದೆಬಡಿತ ಇಳಿಯುತ್ತದೆ ಅಂತ 2013ರಲ್ಲಿ ಸಂಶೋಧಕರು ಅಳೆದು ತೋರಿಸಿದ್ದಾರೆ. ನಮ್ಮ ಬೇಸಿಗೆಯಲ್ಲಿ ಎಲ್ಲರೂ ಒಂದೇ ಕೂಲರ್ ಮುಂದೆ ಕೂತು ಗದ್ದಲ ಮಾಡುತ್ತಿದ್ದರೆ, "ಮಲಗಿಸಿ ಬರುತ್ತೇನೆ" ಅಂತ ನಾನು ಒಳಗೆ ಹೋಗಿಬಿಡುತ್ತಿದ್ದೆ. ಕೂಸಿನ ನೆಪ, ನನಗೂ ಉಸಿರು.

ಕುಷ್ಟಗಿಯಿಂದ:
ಬೀಗರಿಗೆ ಚಹಾ ಮಾಡುವವರು ಯಾರು? ನೀವೇ ಆದರೆ ಮೊದಲು ಅದನ್ನು ಗಂಡನಿಗೆ ಒಪ್ಪಿಸಿ.
ಜನ ಇಲ್ಲದಾಗಲೂ ಎದೆ ಬಿಗಿಯುತ್ತಿದ್ದರೆ, ಕೂಸು ಮಲಗಿದರೂ ನಿಮಗೆ ನಿದ್ದೆ ಬರದಿದ್ದರೆ, ಸುಮ್ನೆ ಸಹಿಸಿಕೊಂಡು ಇರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. ಇಲ್ಲವೇ 14416ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಸಲಹೆ ಕೊಡುವ ಸರ್ಕಾರದ ಸಹಾಯವಾಣಿ ಅದು, ಟೆಲಿ ಮಾನಸ್ ಅಂತ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.