ಮಸ್ಕತ್‌ನಲ್ಲಿ ಇಂಗ್ಲಿಷ್ ಟೀಚರ್, ಮುಂದೆ ಏನು ಓದಲಿ?

ಬ್ರಹ್ಮಪುರ_ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವಳು, ಬಿ.ಎ., ಬಿ.ಎಡ್. ಎರಡೂ ಅಲ್ಲೇ ಆಗಿದ್ದು. ಮದುವೆಯಾಗಿ ಮಸ್ಕತ್‌ಗೆ ಬಂದ ಮೇಲೆ ಸೆಲ್ಟಾ (ದೊಡ್ಡವರಿಗೆ ಇಂಗ್ಲಿಷ್ ಕಲಿಸುವವರ ಕೇಂಬ್ರಿಡ್ಜ್ ಸರ್ಟಿಫಿಕೇಟ್) ಮಾಡಿಕೊಂಡೆ, ಈಗ ಒಂದು ಟ್ರೇನಿಂಗ್ ಸೆಂಟರ್‌ನಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಬೆಳಿಗ್ಗೆ ಆಫೀಸಿನವರ ಬ್ಯಾಚು, ಸಂಜೆ ಐಇಎಲ್‌ಟಿಎಸ್ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ಹುಡುಗರು, ಮಧ್ಯಾಹ್ನ ಪೂರ್ತಿ ಖಾಲಿ, ಆ ಹೊತ್ತಿಗೆ ಸಂಬಳ ಇಲ್ಲ. ಪಾಠ ಮಾಡೋದರಲ್ಲಿ ಬೇಜಾರಿಲ್ಲ. ಆದರೆ ಕಾಂಟ್ರಾಕ್ಟ್ ವರ್ಷಕ್ಕೊಮ್ಮೆ, ಮೇಲೆ ಹೋಗುವ ದಾರಿ ಕಾಣುತ್ತಿಲ್ಲ, ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಊರಿಗೆ ವಾಪಸ್ ಹೋಗೋಣ ಅಂತ ಮನೆಯವರು ಬೇರೆ ಹೇಳುತ್ತಿದ್ದಾರೆ. ಸೆಲ್ಟಾದ ಮೇಲಿನ ಹಂತದ ಡಿಪ್ಲೊಮಾ ಡೆಲ್ಟಾ ಮಾಡಲಾ, ಬ್ರಿಟನ್ನಿನ ಯಾವುದಾದರೂ ಯೂನಿವರ್ಸಿಟಿಯ ಆನ್‌ಲೈನ್ ಎಂ.ಎ. ಟೆಸಾಲ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ವಿಷಯದ್ದು) ಮಾಡಲಾ, ಇಲ್ಲಾ ದೂರಶಿಕ್ಷಣದ ಇಗ್ನೋ ಯೂನಿವರ್ಸಿಟಿಯಲ್ಲಿ ಎಂ.ಎ. ಇಂಗ್ಲಿಷ್ ಮುಗಿಸಿ ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಬರೆಯಲಾ? ಮೂರಕ್ಕೂ ದುಡ್ಡಿಲ್ಲ, ಟೈಮೂ ಇಲ್ಲ.

ಶಾರ್ಜಾ_ಬೀದರ್
ಡೆಲ್ಟಾ. ಸೆಲ್ಟಾ ಇದ್ದವರು ಗಲ್ಫ್‌ನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅದು 120 ತಾಸಿನ ಕೋರ್ಸು, ಅದರಲ್ಲಿ ನಾವು ನಿಂತು ಪಾಠ ಮಾಡೋದು ಬರೀ 6 ತಾಸು. ಸೀನಿಯರ್ ಟೀಚರೋ ಟ್ರೇನರೋ ಆಗಬೇಕು ಅಂದರೆ ಡೆಲ್ಟಾ ಇದೆಯಾ ಅಂತಾರೆ. ಮೂರು ಮಾಡ್ಯೂಲು, ಬೇರೆ ಬೇರೆಯಾಗಿ ಯಾವುದನ್ನು ಬೇಕಾದರೂ ಮೊದಲು ಮಾಡಬಹುದು. ಒಂದನೆಯದು ಬರೆಯುವ ಪರೀಕ್ಷೆ, ನಿಮ್ಮ ಆ ಖಾಲಿ ಮಧ್ಯಾಹ್ನದಲ್ಲೇ ಓದಿ ಮುಗಿಸಬಹುದು. ಎರಡನೆಯದೇ ಜೀವ ಹಿಂಡುವುದು: ಹಿಂದಿನ ಬೆಂಚಲ್ಲಿ ಒಬ್ಬರು ಕೂತು ನೋಡುತ್ತಿರುತ್ತಾರೆ, ಈ ಚಟುವಟಿಕೆ ಯಾಕೆ, ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಒಂದೊಂದು ಪಾಠಕ್ಕೂ ಪುಟಗಟ್ಟಲೆ ಬರೆದುಕೊಡಬೇಕು. ಮುಗಿಸಿದವರಿಗೆ ಬ್ರಿಟನ್ನಿನ ಕೆಲವು ಯೂನಿವರ್ಸಿಟಿಗಳು ಎಂ.ಎ.ಯಲ್ಲಿ ಕ್ರೆಡಿಟ್ ಕೊಡುತ್ತವೆ, ಹಾಗಾಗಿ ಟೆಸಾಲ್ ಆಮೇಲೆ ನೋಡಿಕೊಳ್ಳಿ.

ಅತಿಥಿ_ಕಲಬುರಗಿ
ಅಣ್ಣಾರ, ಅಕ್ಕೋರು ಊರಿಗೆ ವಾಪಸ್ ಬರುವ ಮಾತು ಆಡುತ್ತಿದ್ದಾರೆ, ಅದನ್ನ ಓದಿದಿರೋ ಇಲ್ವೋ? ಇಲ್ಲಿ ಡೆಲ್ಟಾ ತೋರಿಸಿದರೆ ಅದು ವಿಮಾನದ ಕಂಪನಿ ಅಲ್ವಾ ಅಂತಾರೆ. ಡಿಗ್ರಿ ಕಾಲೇಜಿಗೆ ಬೇಕಾಗಿರೋದು ಎಂ.ಎ. ಇಂಗ್ಲಿಷ್‌ನಲ್ಲಿ ಶೇ. 55, ಮೀಸಲಾತಿ ಇದ್ದವರಿಗೆ ಶೇ. 50, ಜೊತೆಗೆ ನೆಟ್ ಅಥವಾ ನಮ್ಮ ರಾಜ್ಯದ ಅಂಥದ್ದೇ ಪರೀಕ್ಷೆ ಕೆಸೆಟ್. ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆಗಷ್ಟೇ ನೆಟ್ ಬರೆಯುವುದಾದರೆ ವಯಸ್ಸಿನ ಮಿತಿ ಇಲ್ಲ, ಆದರೆ ಸರ್ಕಾರಿ ನೇಮಕಾತಿಗೆ ಇದೆ, ಅದನ್ನ ಮರೆಯಬೇಡಿ. ವಿದೇಶದ ಆನ್‌ಲೈನ್ ಡಿಗ್ರಿ ಮಾಡಿದರೆ ಅದನ್ನ ಇಲ್ಲಿ ತತ್ಸಮಾನ ಅಂತ ಒಪ್ಪಿಸುವುದೇ ಒಂದು ಕೆಲಸ. ಇಗ್ನೋದ್ದಕ್ಕೆ ಆ ತಲೆನೋವಿಲ್ಲ.

ಇನ್ನೊಂದು, ಸಂವಿಧಾನದ 371(ಜೆ), ನಮ್ಮ ಕಲ್ಯಾಣ ಕರ್ನಾಟಕಕ್ಕಿರುವ ವಿಶೇಷ ವಿಧಿ. ನಮ್ಮ ಭಾಗದ ಎ, ಬಿ ದರ್ಜೆ ಹುದ್ದೆಗಳಲ್ಲಿ ಶೇ. 75 ನಮ್ಮವರಿಗೇ. ನೀವು ಹುಟ್ಟಿದ್ದೇ ಕಲಬುರಗಿಯಲ್ಲಿ ಅಂದಮೇಲೆ ಮಸ್ಕತ್‌ನಲ್ಲಿ ಎಷ್ಟು ವರ್ಷ ಇದ್ದರೂ ಅದು ಹೋಗಲ್ಲ.

ಹಾಗಂತ ಸುಮ್ನೆ ಆಸೆ ಹುಟ್ಟಿಸಲ್ಲ. ನಾನು ಕೆಸೆಟ್ ಪಾಸಾಗಿಯೂ ಇನ್ನೂ ಅತಿಥಿ ಉಪನ್ಯಾಸಕನೇ, ರಜೆ ಬಂತು ಅಂದರೆ ಸಂಬಳ ಬಂದ್. ಮತ್ತೆ ನೀವು ದಿನಾ ಕಲಿಸುವ ಇಂಗ್ಲಿಷ್ ನೆಟ್‌ನಲ್ಲಿ ಜಾಸ್ತಿ ಕೆಲಸಕ್ಕೆ ಬರಲ್ಲ, ಅಲ್ಲಿ ಚಾಸರ್‌ನಿಂದ ಹಿಡಿದು ಥಿಯರಿ ತನಕ ಸಾಹಿತ್ಯವೇ ಜಾಸ್ತಿ.

ಶಾರ್ಜಾ_ಬೀದರ್
ಅದನ್ನೇ ನಾನು ಹೇಳೋದು! ಸಂಬಳ ಬಂದ್ ಆಗುವ ಕೆಲಸಕ್ಕೆ ಯಾಕೆ ಬರಬೇಕು? ಇಲ್ಲಿ ಪಿಂಚಣಿ ಇಲ್ಲ ನಿಜ, ಯುಎಇಯಲ್ಲಿ ಮೊದಲ 5 ವರ್ಷ ವರ್ಷಕ್ಕೆ 21 ದಿನದ ಮೂಲ ಸಂಬಳ ಗ್ರಾಚ್ಯುಟಿ, ಆಮೇಲೆ 30 ದಿನದ್ದು, ಅಷ್ಟೇ. ಉಳಿದದ್ದು ನಾವೇ ಕೂಡಿಡಬೇಕು. ಆದರೂ ಕೈಗೆ ಬರುತ್ತೆ. ಬ್ರಿಟನ್ ಕಡೆ ಮಾತ್ರ ನೋಡಬೇಡಿ, 2023ರಲ್ಲಿ ಭಾರತದ ಟೀಚರ್‌ಗಳಿಗೆ ಅಲ್ಲಿನ ಶಾಲೆ ಟೀಚರ್ ಅರ್ಹತೆ ಕ್ಯೂಟಿಎಸ್ ಬಾಗಿಲು ತೆಗೆದಾಗ ಗಣಿತ, ವಿಜ್ಞಾನ, ಬೇರೆ ಭಾಷೆಗಳವರನ್ನ ತಗೊಂಡರು, ಇಂಗ್ಲಿಷ್‌ನವರನ್ನಲ್ಲ.

ಸುರಪುರದವಳು
ಇಬ್ಬರೂ ಸರ್ಕಾರಿ ಕೆಲಸ, ಗಲ್ಫ್ ಕೆಲಸ ಅಂತ ಎರಡೇ ಹಿಡಿದು ಕೂತಿದ್ದೀರಿ. ನಾನು ಥಾಯ್ಲೆಂಡಿನಲ್ಲಿ ಪಾಠ ಮಾಡಿ ವಾಪಸ್ ಬಂದವಳು. ಈಗ ಆನ್‌ಲೈನ್ ಕ್ಲಾಸು ತಗೊಳ್ಳುತ್ತೇನೆ, ಗಲ್ಫ್‌ನ ಮಕ್ಕಳೇ ಜಾಸ್ತಿ. ಮಸ್ಕತ್‌ನಲ್ಲಿ ಸಂಜೆ 6 ಅಂದರೆ ಇಲ್ಲಿ 7:30, ರೊಟ್ಟಿ ಬಡಿದಿಟ್ಟು ಕೂತರೆ ಆಯ್ತು. ಜೊತೆಗೆ ಖಾಸಗಿ ಶಾಲೆಗಳ ಟೀಚರ್‌ಗಳಿಗೆ ತರಬೇತಿ ಕೊಡುತ್ತೇನೆ. ಇಂಗ್ಲಿಷ್ ಮೀಡಿಯಂ ಬೋರ್ಡ್ ಹಾಕಿದ ಶಾಲೆ ತಾಲೂಕಿನಲ್ಲೆಲ್ಲ ಇವೆ, ಒಳಗೆ ಹೋದರೆ ಟೀಚರ್ ಪಾಠ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಮಕ್ಕಳ ಬಾಯಿಂದ ಒಂದು ಇಂಗ್ಲಿಷ್ ಮಾತು ಹೊರಡಲ್ಲ. ಅಲ್ಲಿ ನಿಮ್ಮ ಸೆಲ್ಟಾ ನಿಜವಾಗಿ ಕೆಲಸಕ್ಕೆ ಬರುತ್ತೆ. ಆದಾಯ ಒಂದು ತಿಂಗಳು ಇದ್ದ ಹಾಗೆ ಇನ್ನೊಂದು ತಿಂಗಳು ಇರಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಡೆಲ್ಟಾದಷ್ಟು ದುಡ್ಡು ಹಾಕೋಕೆ ಆಗಲ್ಲ ಅಂದರೆ ಹೈದರಾಬಾದ್‌ನ ಇಂಗ್ಲಿಷ್, ವಿದೇಶಿ ಭಾಷೆಗಳ ಯೂನಿವರ್ಸಿಟಿ ಇಫ್ಲುವಿನ ಪಿಜಿಸಿಟಿಇ ನೋಡಿ. ಇಂಗ್ಲಿಷ್ ಕಲಿಸುವವರಿಗಾಗಿಯೇ ಇರುವ ದೂರಶಿಕ್ಷಣದ ಕೋರ್ಸು. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಬ್ರಹ್ಮಪುರ_ಟೀಚರ್
ಎಲ್ಲರಿಗೂ ಥ್ಯಾಂಕ್ಸ್. ವಾಪಸ್ ಬರುವುದು ಹೆಚ್ಚುಕಮ್ಮಿ ಖಾತ್ರಿ ಇರೋದರಿಂದ ಟೆಸಾಲ್ ಕೈಬಿಟ್ಟೆ. ಇಗ್ನೋ ಎಂ.ಎ.ಗೆ ಸೇರುತ್ತೇನೆ, ನೆಟ್ ಆಗಲಿ ಬಿಡಲಿ ಡಿಗ್ರಿ ಕೈಯಲ್ಲಿರುತ್ತೆ. 371(ಜೆ) ಪತ್ರ ಎಲ್ಲಿ ಮಾಡಿಸಬೇಕು?

ಅತಿಥಿ_ಕಲಬುರಗಿ
ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿಂದ ಕೊಡುತ್ತಾರೆ. ರಜೆಗೆ ಬಂದಾಗ ಮಾಡಿಸಿಕೊಳ್ಳಿ, ಶಾಲೆಯ ದಾಖಲೆ ಹುಡುಕಿ ಇಡಲು ಮನೆಯಲ್ಲಿ ಈಗಲೇ ಹೇಳಿ.

ಶಾರ್ಜಾ_ಬೀದರ್
ಎಂ.ಎ. ಮಾಡಿ, ಬೇಡ ಅನ್ನಲ್ಲ. ಡೆಲ್ಟಾ ಮಾಡ್ಯೂಲ್ ಒಂದನ್ನಾದರೂ ಬರೆದುಬಿಡಿ ಅಕ್ಕೋರೆ.