ದೊಡ್ಡ ಕಂಪನಿಯ ವೆಂಡರ್ ಯೋಜನೆಗೆ ಸೇರಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು (ಪೀಣ್ಯ): ನಮ್ಮದು ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನ್ ಇರುವ ಸಣ್ಣ ಶೆಡ್. ವಾಹನ ಬಿಡಿಭಾಗ ಮಾಡುವ ದೊಡ್ಡ ಕಂಪನಿಯೊಂದು ವೆಂಡರ್ ಡೆವಲಪ್‌ಮೆಂಟ್ (ತನಗೆ ಭಾಗ ಮಾಡಿಕೊಡುವ ಸಣ್ಣ ಘಟಕಗಳನ್ನು ಬೆಳೆಸುವ) ಯೋಜನೆಗೆ ಕರೆದಿದೆ. ತರಬೇತಿ ಉಚಿತ, ಫಿಕ್ಸ್ಚರ್ (ಮಷೀನ್‌ನಲ್ಲಿ ಜಾಬ್ ಹಿಡಿದಿಡುವ ಸಾಧನ) ಅವರದೇ, ತಿಂಗಳಿಗೊಮ್ಮೆ ಅವರ ಕ್ವಾಲಿಟಿ ಎಂಜಿನಿಯರ್ ಬರುತ್ತಾರೆ. ಬದಲಿಗೆ ಎರಡು ಮಷೀನ್ ಪೂರ್ತಿ ಅವರಿಗೇ ಇಡಬೇಕು. ಇಂಥ ಬೆಂಬಲ ಮುಂದೆಯೂ ಇರುತ್ತದಾ, ಅಥವಾ ಒಂದೆರಡು ವರ್ಷದ ಉತ್ಸಾಹವಾ?

ಪೀಣ್ಯದಲ್ಲೇ ಟರ್ನಿಂಗ್ ಕೆಲಸ ಮಾಡುವವನು: ತರಬೇತಿ ಆಮೇಲೆ ನೋಡೋಣ ಸರ್, ಮೊದಲು ಪಿಒ (ಖರೀದಿ ಆದೇಶ) ಕೆಳಗಿನ ಸಣ್ಣ ಅಕ್ಷರ ಓದಿ. ಪೇಮೆಂಟ್ ಎಷ್ಟು ದಿನ ಅಂತ ಬರೆದಿದ್ದಾರೆ? 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾನೂನಿನ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದರೂ 45 ದಿನ ದಾಟುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ಓದೋಕೆ ಚೆನ್ನಾಗಿದೆ, ಅಲ್ವಾ? ಬಡ್ಡಿ ಕೇಳಿದರೆ ಮುಂದಿನ ಪಿಒ ಬರುವುದಿಲ್ಲ ಅನ್ನೋ ಭಯಕ್ಕೆ ನಾವ್ಯಾರೂ ಕೇಳುವುದಿಲ್ಲ.

ಇನ್ನೊಂದು ಆಟ ಗೇಟ್‌ನಲ್ಲಿ ನಡೆಯುತ್ತದೆ. ಸರಕು ಒಳಗೆ ಹೋದ ದಿನ ಸೆಕ್ಯುರಿಟಿಯವರು ಡಿಸಿ (ಡೆಲಿವರಿ ಚಲನ್) ಮೇಲೆ ಸೀಲ್ ಹಾಕುತ್ತಾರೆ. ಸ್ಟೋರ್ಸ್‌ನವರು ಜಿಆರ್‌ಎನ್ (ಸರಕು ಬಂತು ಅನ್ನೋ ದಾಖಲೆ) ಮಾಡುವುದು ವಾರ ಬಿಟ್ಟು. ಅಕೌಂಟ್ಸ್‌ನವರು ದಿನ ಎಣಿಸುವುದು ಜಿಆರ್‌ಎನ್‌ನಿಂದ. ಕಾನೂನು ಹೇಳುವುದು ಬೇರೆ: ಸರಕು ತಲುಪಿ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. ಹಾಗಾಗಿ ಸೀಲ್ ಬಿದ್ದ ಡಿಸಿಯ ಫೋಟೊ ಅವತ್ತೇ ತೆಗೆದು ಮೇಲ್ ಮಾಡಿಬಿಡಿ. ಎರಡು ತಿಂಗಳ ಮೇಲೆ ರಿಜೆಕ್ಷನ್ ಅಂತ ಡೆಬಿಟ್ ನೋಟ್ (ದುಡ್ಡು ಕಡಿತದ ಚೀಟಿ) ಬಂದಾಗ ನಮಗೆ ಕೈಹಿಡಿದದ್ದು ಅದೊಂದೇ.

ಆಡಿಟರ್ ಆಫೀಸಿನಿಂದ: ಈಗ ಒಂದು ಬದಲಾವಣೆ ಆಗಿದೆ. 2023ರ ಬಜೆಟ್‌ನಲ್ಲಿ ತೆರಿಗೆ ನಿಯಮ ಬಿಗಿ ಮಾಡಿದರು. ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಮೇಲೆ ಹೇಳಿದ ಪೇಮೆಂಟ್ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಂಡವರು ಆ ಖರ್ಚನ್ನು ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ತೋರಿಸಬಹುದು. ಅದಕ್ಕೇ ಮಾರ್ಚ್ ಬಂತೆಂದರೆ ದೊಡ್ಡ ಕಂಪನಿಗಳೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ (ಎಂಎಸ್‌ಎಂಇ ಅಂತ ಸರ್ಕಾರದಲ್ಲಿ ನೋಂದಾಯಿಸಿದ್ದಕ್ಕೆ ಪತ್ರ) ಕಳಿಸಿ ಅನ್ನುತ್ತವೆ. ನಿಮ್ಮ ನೋಂದಣಿ ತಯಾರಿಕೆಯಲ್ಲಿ ಇದೆಯಾ ನೋಡಿಕೊಳ್ಳಿ, ಬರೀ ಟ್ರೇಡಿಂಗ್ ಅಂತ ಇದ್ದರೆ ಈ ಲಾಭ ಸಿಗುವುದಿಲ್ಲ. ಮಧ್ಯಮ ಘಟಕಕ್ಕೂ ಇಲ್ಲ. ನಮ್ಮ ಕ್ಲೈಂಟ್ ಒಬ್ಬರಿಗೆ ಗಿರಾಕಿಯೇ ‘ಉದ್ಯಮ್ ರದ್ದು ಮಾಡಿಸಿ, ಆರ್ಡರ್ ಜಾಸ್ತಿ ಕೊಡ್ತೀವಿ’ ಅಂದಿತ್ತು. ದಯವಿಟ್ಟು ಅಂಥ ಮಾತಿಗೆ ಬೀಳಬೇಡಿ.

ಬೆಳಗಾವಿ ಉದ್ಯಮಬಾಗ್, ಫೌಂಡ್ರಿ: ನಮಗ ಉಪಯೋಗ ಆಗಿದ್ದು ಟ್ರೆಡ್ಸ್ ನೋಡ್ರಿ, ಬಿಲ್ ಮೇಲೆ ಬ್ಯಾಂಕಿನಿಂದ ಮೊದಲೇ ದುಡ್ಡು ಸಿಗುವ ಆನ್‌ಲೈನ್ ವೇದಿಕೆ. ಬಿಲ್ ಹಾಕಬೇಕು, ಕಂಪನಿ ಒಪ್ಪಬೇಕು, ಬ್ಯಾಂಕುಗಳು ಬಿಡ್ ಮಾಡುತ್ತವೆ. ಬಡ್ಡಿ ನಿಗದಿಯಾಗುವುದು ಕಂಪನಿಯ ರೇಟಿಂಗ್ ನೋಡಿ, ನಮ್ಮದನ್ನಲ್ಲ. ಬ್ಯಾಂಕ್ ಓಡಿಗಿಂತ (ಓವರ್‌ಡ್ರಾಫ್ಟ್ ಸಾಲಕ್ಕಿಂತ) ಕಡಿಮೆಗೆ ಸಿಕ್ಕಿದೆ. ನಾಳೆ ಕಂಪನಿ ದುಡ್ಡು ಕಟ್ಟದಿದ್ದರೂ ಬ್ಯಾಂಕ್ ನಮ್ಮ ಬೆನ್ನು ಹತ್ತುವುದಿಲ್ಲ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಇದರಲ್ಲಿ ನೋಂದಾಯಿಸಬೇಕು ಅಂತ ಸರ್ಕಾರ ಆದೇಶ ಮಾಡಿತ್ತು. ಆದರೆ ನೋಂದಣಿ ಬೇರೆ, ಬಿಲ್ ಒಪ್ಪುವುದು ಬೇರೆ. ಹೆಸರು ಹಚ್ಚಿ ಸುಮ್ನೆ ಕೂತವರೂ ಇದ್ದಾರೆ. ‘ನಮ್ಮ ಬಿಲ್ ಎಷ್ಟು ದಿನಕ್ಕೆ ಒಪ್ಪುತ್ತೀರಿ’ ಅಂತ ಮೊದಲೇ ಕೇಳ್ರಿ.

ಹುಬ್ಬಳ್ಳಿ: ಎರಡು ಮಷೀನ್ ಒಬ್ಬರಿಗೇ? ನಾನಾದರೆ ಒಂದು ಕೊಡುತ್ತಿದ್ದೆ.

ಬೊಮ್ಮಸಂದ್ರ, ಹಿಂದೆ ಇಂಥದ್ದೇ ಯೋಜನೆಯಲ್ಲಿದ್ದವರು: ಎಂಜಿನಿಯರ್ ಬರುವುದು ನಿಜಕ್ಕೂ ಲಾಭ, ಅದನ್ನು ಹಗುರವಾಗಿ ನೋಡಬೇಡಿ. ಬಂದವರು ಒಂದು ಮಧ್ಯಾಹ್ನ ಸ್ಟಾಪ್‌ವಾಚ್ ಹಿಡಿದು ನಿಂತು, ಜಾಬ್ ಬದಲಿಸುವಾಗ ನಮ್ಮ ಹುಡುಗ ಸ್ಪ್ಯಾನರ್ ಹುಡುಕಿಕೊಂಡು ಮೂರು ಸಲ ಶೆಡ್ ದಾಟುವುದನ್ನು ತೋರಿಸಿದರು. ಮಷೀನ್ ಪಕ್ಕದಲ್ಲೇ ಬೋರ್ಡ್ ಹೊಡೆಸಿ ಟೂಲ್ ನೇತುಹಾಕಿದೆವು. ಆ ಪಾಠ ಬೇರೆ ಗಿರಾಕಿಗಳ ಕೆಲಸಕ್ಕೂ ಆಯಿತು.

ಆದರೆ ಹೀಗೆ ಉಳಿಸಿದ್ದನ್ನೆಲ್ಲ ಮರುವರ್ಷ ‘ರೇಟ್ ಇಳಿಸಿ’ ಅಂತ ಅವರೇ ತೆಗೆದುಕೊಂಡರು. ಉಳಿತಾಯ ಹೇಗೆ ಹಂಚಿಕೆ, ಸ್ಟೀಲ್ ದರ ಏರಿದರೆ ರೇಟ್ ಯಾವಾಗ ಪರಿಷ್ಕರಣೆ, ಇವೆರಡೂ ಬರಹದಲ್ಲಿರಲಿ. ಫಿಕ್ಸ್ಚರ್ ಅವರದು ಅಂದರೆ ಒಂದು ದಿನ ಟೆಂಪೊ ಕಳಿಸಿ ಹೊತ್ತುಕೊಂಡು ಹೋಗಬಹುದು ಅಂತಲೂ ಅರ್ಥ. ವಾಪಸ್ ಒಯ್ಯುವ ಮೊದಲು ಎಷ್ಟು ತಿಂಗಳ ನೋಟಿಸ್ ಅಂತ ಕೇಳಿ.

ಬೆಂಬಲ ಎಷ್ಟು ವರ್ಷ ಅನ್ನೋದು ಪಾರ್ಟ್ ಮೇಲೂ ಇದೆ. ಪಿಸ್ಟನ್ ಪಿನ್, ವಾಲ್ವ್ ಗೈಡ್ ಇವೆಲ್ಲ ಎಂಜಿನ್ ಜೊತೆಗೇ ಹೋಗುವಂಥವು, ಬ್ಯಾಟರಿ ಗಾಡಿಗೆ ಬೇಡ. ಬ್ರೇಕು, ಸಸ್ಪೆನ್ಷನ್ ಭಾಗ ಆದರೆ ಧೈರ್ಯ ಮಾಡಬಹುದು. ನಿಮ್ಮದು ಯಾವುದು?

ಕೇಳಿದವರು: ಬ್ರೇಕ್ ಕ್ಯಾಲಿಪರ್ ಪಿನ್. ಪೇಮೆಂಟ್ 60 ದಿನ ಅಂತ ಹಾಕಿದ್ದಾರೆ, ಈಗಷ್ಟೇ ನೋಡಿದೆ. 45 ಮಾಡಿ ಅಂತ ಮೇಲ್ ಹಾಕುತ್ತೇನೆ. ಸದ್ಯಕ್ಕೆ ಒಂದೇ ಮಷೀನ್ ಅಂತಲೂ ಬರೆಯುತ್ತೇನೆ.

ಬೆಳಗಾವಿ ಉದ್ಯಮಬಾಗ್, ಫೌಂಡ್ರಿ: ಟ್ರೆಡ್ಸ್ ಬಗ್ಗೆಯೂ ಅದರಲ್ಲೇ ಒಂದು ಸಾಲು ಸೇರಿಸಿಬಿಡ್ರಿ. ಪರ್ಚೇಸ್‌ನವರಿಗೆ ಅಷ್ಟೇ ಅಲ್ಲ, ಅವರ ಫೈನಾನ್ಸ್‌ನವರಿಗೂ ಕಾಪಿ ಹಾಕ್ರಿ.